ಕುದ್ರಿನಲ್ಲಿ ಮಾತಿಲ್ಲದ ತಿಂಗಳು

ನನ್ನ ಗಂಟಲು ಕೆಟ್ಟದ್ದು ಮಗ್ಗಿ ಹೇಳಿಸಿ ಹೇಳಿಸಿ. ಬ್ರಹ್ಮಾವರದ ಹತ್ತಿರ ನಾನು ಕಲಿಸುತ್ತಿದ್ದ ಶಾಲೆಯಲ್ಲಿ ಒಂದರಿಂದ ಮೂರನೇ ಕ್ಲಾಸಿನವರೆಗೆ ಒಂದೇ ಕೋಣೆ. ಒಂದು ಮೂಲೆಯಲ್ಲಿ ಅಕ್ಷರ, ಇನ್ನೊಂದು ಮೂಲೆಯಲ್ಲಿ ಪದ್ಯ, ನನ್ನ ಮೂಲೆಯಲ್ಲಿ ಮಗ್ಗಿ. ಉಳಿದಿಬ್ಬರು ಮೇಷ್ಟ್ರ ದನಿಗಿಂತ ನನ್ನ ದನಿ ಮೇಲಿರಬೇಕು ಎಂದು ಏಳು ವರ್ಷ ಕೂಗಿದೆ. ಅರವತ್ತೈದೋ ಅರವತ್ತಾರೋ ಇಸವಿ. ಪರೀಕ್ಷೆ ಹತ್ತಿರ ಬಂದಿದ್ದ ಒಂದು ಬೆಳಿಗ್ಗೆ ಹನ್ನೆರಡರ ಮಗ್ಗಿಯ ನಡುವೆ ದನಿ ಒಡೆದು ಬರಿಯ ಗಾಳಿ ಹೊರಬಂತು. ಮಕ್ಕಳು ನಕ್ಕರು. ನಾನೂ ನಕ್ಕೆ. ಆ ನಗುವಿಗೂ ದನಿ ಇರಲಿಲ್ಲ.

ಉಡುಪಿಯ ಡಾಕ್ಟರರೊಬ್ಬರು ಗಂಟಲೊಳಗೆ ಪುಟ್ಟ ಕನ್ನಡಿ ಇಳಿಸಿ ನೋಡಿ, ಒಳಗೆ ಸಣ್ಣ ಗಂಟು ಕಟ್ಟಿದೆ ಎಂದರು. ಒಂದು ತಿಂಗಳು ಒಂದೇ ಒಂದು ಮಾತು ಆಡಬಾರದು, ಪಿಸುಗುಟ್ಟುವುದಂತೂ ಇನ್ನೂ ಕೆಟ್ಟದ್ದು, ಕೇಳದಿದ್ದರೆ ಮೇಷ್ಟ್ರ ಕೆಲಸದ ಆಸೆ ಬಿಡಿ ಎಂದು ಹೇಳಿ ಕಳಿಸಿದರು. ನನಗೆ ಆಗ ಇಪ್ಪತ್ತೆಂಟು. ಮನೆಯಲ್ಲಿ ಮದುವೆಯ ಮಾತು ನಿಂತು ಎರಡು ವರ್ಷವಾಗಿತ್ತು. ಆ ಕೆಲಸವೊಂದೇ ನನ್ನದು ಎಂದು ನನಗಿದ್ದದ್ದು.

ಬೇಸಿಗೆ ರಜೆಗೆ ಬೈಂದೂರಿನ ಮನೆಗೆ ಹೋದರೆ ಬಾಯಿ ಮುಚ್ಚಿ ಕೂರುವುದು ಸಾಧ್ಯವೇ ಇರಲಿಲ್ಲ. ಒಂಬತ್ತು ಜನರ ಮನೆ. ನಮ್ಮಮ್ಮ ಪ್ರಶ್ನೆ ಕೇಳಿದರೆ ಉತ್ತರ ಬರುವವರೆಗೆ ಮುಖವನ್ನೇ ನೋಡುತ್ತ ನಿಲ್ಲುವವಳು. ಇದನ್ನು ಕಾಗದದಲ್ಲಿ ಬರೆದು ತೋರಿಸಿದಾಗ ನಮ್ಮ ಹೆಡ್‌ಮಾಸ್ಟ್ರು ಒಂದು ದಾರಿ ಹೇಳಿದರು.

"ನಮ್ಮಕ್ಕನ ಮನಿ ಕುಂದಾಪ್ರದ್ ಹತ್ರ ಒಂದ್ ಕುದ್ರಲ್ಲಿತ್ತ್. ಸುತ್ತ ನೀರ್, ಮಾತಾಡುಕೆ ಜನವೇ ಇಲ್ಲೆ. ಅಲ್ಲಿಗ್ ಹೋಯಿ ತಣ್ಣಗೆ ಕೂಕಣಿ ಟೀಚ್ರೇ."

ಹಾಗೆ ಏಪ್ರಿಲ್ ಕೊನೆಯಲ್ಲಿ ಒಂದು ಚೀಲ, ಒಂದು ಸ್ಲೇಟು, ಒಂದು ಡಬ್ಬಿ ಬಳಪ ಹಿಡಿದು ಒಬ್ಬಳೇ ಕುಂದಾಪುರದ ಬಸ್ಸು ಹತ್ತಿದೆ. ಇಳಿದು ಹೊಳೆದಂಡೆಗೆ ನಡೆದೆ. ದೋಣಿಯವರಿಗೆ ಸ್ಲೇಟಿನ ಮೇಲೆ ಬರೆದು ತೋರಿಸಿದೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ನಂಗ್ ಓದುಕೆ ಬತ್ತಿಲ್ಲೆ ಮಾರಾಯ್ರೆ, ಆದ್ರೂ ಹತ್ನಿ. ಇಲ್ಲಿಂದ ಹೋಪುದ್ ಅದೊಂದೇ ಕುದ್ರಿಗೆ" ಎಂದರು.

ಹೊಳೆಗಳು ಕಡಲಿಗೆ ಸೇರುವ ಮೊದಲು ಅಗಲವಾಗಿ ಹರಡಿಕೊಳ್ಳುವ ಜಾಗದಲ್ಲಿ ಮಣ್ಣು ನಿಂತು ನಿಂತು ಆದ ತುಂಡು ನೆಲ ಅದು. ಆರೇ ಮನೆ. ತೆಂಗಿನ ಮರಗಳು, ಒಂದಿಷ್ಟು ಗದ್ದೆ, ನಾಲ್ಕು ಮಾವಿನ ಮರ, ಸಿಹಿ ನೀರಿನ ಒಂದೇ ಬಾವಿ. ಹೆಡ್‌ಮಾಸ್ಟ್ರ ಅಕ್ಕನನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಐವತ್ತರ ಹತ್ತಿರ ವಯಸ್ಸು, ಗಟ್ಟಿಮುಟ್ಟಾದ ಹೆಂಗಸು. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಗದ್ದೆ ಮಾಡಿಸುತ್ತ, ಬೇಸಿಗೆಯಲ್ಲಿ ತೆಂಗಿನ ನಾರಿನಿಂದ ಹಗ್ಗ ಹೊಸೆಯುತ್ತ ಇದ್ದರು. ಜೊತೆಗೆ ಇಪ್ಪತ್ತೊಂದು ವರ್ಷದ ಮಗಳು. ಮದುವೆಯಾಗಿ ಎರಡು ವರ್ಷ, ಗಂಡ ಬೊಂಬಾಯಿಯ ಹೋಟೆಲೊಂದರಲ್ಲಿ. ಆ ಮನೆತನದ ಪದ್ಧತಿಯಂತೆ ಮಗಳು ತಾಯಿ ಮನೆಯಲ್ಲೇ ಉಳಿದಿದ್ದಳು.

ಮೊದಲ ಮೂರು ದಿನ ಸುಖವೇ. ಬೆಳಿಗ್ಗೆ ಗಂಜಿ, ಮಾವಿನಮಿಡಿ ಉಪ್ಪಿನಕಾಯಿ. ಮಧ್ಯಾಹ್ನ ಹೊಳೆಮೀನಿನ ಸಾರು. ಊಟವಾದ ಮೇಲೆ ಜಗಲಿಯಲ್ಲಿ ಚಾಪೆ ಹಾಸಿಕೊಂಡರೆ ಕಡಲ ಕಡೆಯಿಂದ ಗಾಳಿ. ಯಾವ ಘಂಟೆಯೂ ಇಲ್ಲ, ಯಾರ ಹಾಜರಿಯನ್ನೂ ಕರೆಯಬೇಕಿಲ್ಲ. ಇಷ್ಟು ವರ್ಷ ಇಂಥದ್ದನ್ನು ಯಾಕೆ ಮಾಡಲಿಲ್ಲ ಎಂದು ಸ್ಲೇಟಿನ ಮೇಲೆ ನನಗೆ ನಾನೇ ಬರೆದುಕೊಂಡೆ.

ನಾಲ್ಕನೆಯ ದಿನದಿಂದ ಕೂತಲ್ಲಿ ಕೂರಲಾಗಲಿಲ್ಲ. ಹತ್ತು ಗಂಟೆಯ ಬಿಸಿಲು ಅಂಗಳಕ್ಕೆ ಬಿದ್ದರೆ ಕಾಲು ತಾನಾಗಿ ಏಳುತ್ತಿತ್ತು, ಅದು ಶಾಲೆಯ ಮೊದಲ ಘಂಟೆಯ ಹೊತ್ತು. ಬಾಯಿಯೊಳಗೆ ಮಾತು ಬಂದು ಹಲ್ಲಿಗೆ ತಾಗಿ ನಿಲ್ಲುತ್ತಿತ್ತು. ದೊಡ್ಡಮ್ಮ ಒಲೆಗೆ ಹಸಿ ಸೌದೆ ಇಟ್ಟರೆ ಹೇಳಬೇಕು. ಪಕ್ಕದ ಮನೆಯ ಮಗು ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಹಾಕಿಕೊಂಡರೆ ಹೇಳಬೇಕು. ಎಲ್ಲರನ್ನೂ ತಿದ್ದುವುದು ನನಗೆ ಎಷ್ಟು ಅಂಟಿಹೋಗಿತ್ತು ಎಂದು ಅಲ್ಲಿ ಗೊತ್ತಾಯಿತು. ಸಾಮಾನು ಕಟ್ಟಿ ಬಂದ ಹಳೆಯ ಪತ್ರಿಕೆಯ ತುಂಡುಗಳನ್ನು ಜಾಹೀರಾತು ಸಮೇತ ಎರಡೆರಡು ಸಲ ಓದಿದೆ. ಆಮೇಲೆ ನಡೆಯತೊಡಗಿದೆ.

ದಂಡೆಯುದ್ದಕ್ಕೂ ನಡೆದರೆ ಕುದ್ರಿಗೆ ಒಂದು ಸುತ್ತು ಬರಲು ಅರ್ಧ ಗಂಟೆ ಸಾಕು. ಬೆಳಿಗ್ಗೆ ಎರಡು ಸುತ್ತು, ಸಂಜೆ ಮೂರು. ಇಳಿತದಲ್ಲಿ ಕೆಸರು, ಭರತದಲ್ಲಿ ಕಣಕಾಲಿನವರೆಗೆ ಉಪ್ಪು ನೀರು. ಕೊಳೆಯಲು ಹಾಕಿದ ತೆಂಗಿನ ಸಿಪ್ಪೆಯ ವಾಸನೆ ಬಂದರೆ ಅರ್ಧ ಸುತ್ತಾಯಿತು ಎಂದು ಲೆಕ್ಕ. ಆಚೆ ದಂಡೆಯಿಂದ ಬಸ್ಸಿನ ಹಾರನ್ ಕೇಳಿಸಿದರೆ ನಿಂತುಬಿಡುತ್ತಿದ್ದೆ. ಎಲ್ಲಿಗೆ ಹೋಗುವ ಬಸ್ಸಾದರೂ ಸರಿ, ಅದರೊಳಗೆ ಇರಬೇಕಿತ್ತು ಅನಿಸುತ್ತಿತ್ತು.

ಕುದ್ರಿನವರು ಇದನ್ನು ನೋಡಿ ಬೇರೆಯೇ ಅರ್ಥ ಮಾಡಿಕೊಂಡರು. ಮಾತಿಲ್ಲ, ದಿನವೂ ಐದು ಸುತ್ತು. ಒಂದು ದಿನ ದೋಣಿಯವರೇ ಕೇಳಿದರು.

"ಹ್ವಾಯ್ ಟೀಚ್ರೇ, ಎಂತ ಹರ್ಕಿ ಹೇಳ್ಕಂಡದ್ದ್? ಮಂಡಲ ಪೂರ್ತಿ ಆಯ್ಕಾ?"

ನಾನು ತಲೆಯಲ್ಲಾಡಿಸಿ ಗಂಟಲು ಮುಟ್ಟಿ ತೋರಿಸಿದೆ. ಅವರು ಕೈ ಮುಗಿದರು. ಬಾಯಿಬಿಟ್ಟು ಹೇಳಲಾರೆ, ಬರೆದರೆ ಅವರು ಓದಲಾರರು. ಅಲ್ಲಿಂದ ಮುಂದೆ ನನಗೆ ಒಂದು ಥರದ ಮರ್ಯಾದೆ ಶುರುವಾಯಿತು. ಅದರ ಜೊತೆಗೆ ಇನ್ನೊಂದು ಶುರುವಾಯಿತು. ಜನ ನನ್ನ ಹತ್ತಿರ ಬಂದು ಕೂತು ಮಾತಾಡತೊಡಗಿದರು. ತಿರುಗಿ ಹೇಳುವವಳಲ್ಲ, ಯಾರಿಗೂ ದಾಟಿಸುವವಳಲ್ಲ. ಒಬ್ಬರಿಗೆ ಸೊಂಟನೋವಿನ ಕಥೆ, ಇನ್ನೊಬ್ಬರಿಗೆ ನಾದಿನಿಯ ಕಥೆ. ನಾನು ತಲೆಯಾಡಿಸುತ್ತಿದ್ದೆ. ಕೇಳುತ್ತ ಕೇಳುತ್ತ ನನ್ನ ಚಡಪಡಿಕೆ ಇನ್ನೂ ಏರುತ್ತಿತ್ತು. ಪ್ರತಿಯೊಂದಕ್ಕೂ ನನ್ನ ಹತ್ತಿರ ಒಂದು ಉಪಾಯವಿತ್ತು.

ಹನ್ನೊಂದನೆಯ ದಿನವೋ ಏನೋ, ಸಂಜೆಯ ಸುತ್ತಿಗೆ ಹೊರಟಾಗ ದೊಡ್ಡಮ್ಮನ ಮಗಳು, "ನಾನೂ ಬತ್ತೆ" ಎಂದು ಜೊತೆಗೆ ಬಂದಳು. ಹೆಚ್ಚು ಮಾತಾಡುವ ಹುಡುಗಿಯಲ್ಲ. ಸಿಪ್ಪೆ ಕೊಳೆಹಾಕಿದ ಜಾಗದಲ್ಲಿ ನಿಂತುಬಿಟ್ಟಳು.

"ಟೀಚ್ರೇ, ಒಂದ್ ಸಂಗ್ತಿ ಹೇಳ್ತೆ. ಬೊಂಬಾಯಿಂದ ಕಾಗ್ದ ಬಂದ್ ಒಂದ್ ತಿಂಗ್ಳಾಯ್ತ್. ಅಬ್ಬಿಗ್ ಗೊತ್ತಿಲ್ಲೆ."

ಅಬ್ಬಿ ಎಂದರೆ ತಾಯಿ. ಗಂಡನ ಕಾಗದ ದೀಪಾವಳಿಯ ನಂತರ ಬಂದೇ ಇಲ್ಲ ಎಂದು ದೊಡ್ಡಮ್ಮ ನೆರೆಯವರ ಹತ್ತಿರ ಹೇಳುವುದನ್ನು ನಾನು ಕೇಳಿದ್ದೆ.

"ಅಲ್ಲೊಂದ್ ಖೋಲಿ ಸಿಕ್ಕಿತ್ತಂಬ್ರ್. ಮಳಿ ಹಿಡುಕ್ ಮೊದ್ಲ್ ಬಾ ಅಂದ್ ಬರ್ದಿರ್. ನಂಗ್ ಹೋಪುಕೆ ಮನ್ಸೇ ಇಲ್ಲೆ. ಮದಿ ಆಯಿ ಇಪ್ಪತ್ತ್ ದಿನ ಇದ್ದಿರ್, ಮತ್ತೆ ಹೋದ್ರ್. ಅವ್ರ್ ಒಳ್ಳೇರೇ. ಆರೆ ನಂಗ್ ಅವ್ರ್ ಮುಖ ಸಮಾ ನೆನ್ಪಿಲ್ಲೆ ಟೀಚ್ರೇ. ಪಟ ಕಂಡ್ರೆ ಮಾತ್ರ ನೆನ್ಪಾತ್ತ್."

ನಾನು ಸ್ಲೇಟಿನ ಮೇಲೆ, 'ಅಮ್ಮನಿಗೆ ಹೇಳು' ಎಂದು ಬರೆದೆ. ಅವಳು ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಓದಿ, ಅಂಗೈಯಿಂದ ಅಳಿಸಿಬಿಟ್ಟಳು.

"ಹೇಳ್ರೆ ಅಬ್ಬಿ ನಾಳಿಕೇ ಟ್ರಂಕ್ ತುಂಬ್ಸತ್. ಗಂಡ ಕರ್ದ್ ಮೇಲೆ ಇರ್ಸ್ಕಂಬುಕಾತ್ತಾ? ನಾ ಹೇಳುದಿಲ್ಲೆ."

ಆ ಮೇಲೆ ನಾವು ನಡೆಯುತ್ತ ಮನೆ ಸೇರಿದೆವು. ಅವಳ ಮುಖ ಹಗುರಾಗಿತ್ತು. ನನಗೆ ಮಾತ್ರ ಊಟ ಸೇರಲಿಲ್ಲ.

ಇದಾಗಿ ನಾಲ್ಕೈದು ದಿನಕ್ಕೆ ದೊಡ್ಡಮ್ಮ ಹಗ್ಗ ಹೊಸೆಯುವಾಗ ತುದಿ ಹಿಡಿಯಲು ನನ್ನನ್ನು ಕರೆದರು. ಮಗಳು ಬಟ್ಟೆ ಒಗೆಯಲು ಬಾವಿಕಟ್ಟೆಗೆ ಹೋಗಿದ್ದಳು. ನಾನು ಅಂಗಳದ ಆ ತುದಿಯಲ್ಲಿ ಹಗ್ಗ ಎಳೆದು ಹಿಡಿದು ನಿಂತಿದ್ದೆ. ದೊಡ್ಡಮ್ಮ ಈ ತುದಿಯಲ್ಲಿ ನಾರು ಸೇರಿಸುತ್ತ ಹೊಸೆಯುತ್ತಿದ್ದರು. ಹಗ್ಗ ಬೆಳೆದ ಹಾಗೆ ನಾನು ಹಿಂದೆ ಹಿಂದೆ ಸರಿಯುತ್ತಿದ್ದೆ. ದೊಡ್ಡಮ್ಮ ತಲೆಯೆತ್ತದೆ ಹೇಳಿದರು.

"ನೀವ್ ಮಾತಾಡ್ತಿಲ್ಯಲೆ, ಹಾಂಗಾಯಿ ಹೇಳ್ತೆ. ಬೊಂಬಾಯಿ ಕಾಗ್ದ ಬಂದಿತ್ತ್. ದೋಣಿಯವ್ರೇ ಮಗ್ಳ್ ಕೈಯಂಗ್ ಕೊಟ್ಟದ್ದ್ ಅಂಬ್ರ್. ನಂಗ್ ಹೇಳಿರ್. ಮಗ್ಳ್ ಅಡ್ಗಿಸಿ ಇಟ್ಕಂಡಿತ್ತ್."

ನನ್ನ ಕೈಯಲ್ಲಿ ಹಗ್ಗ ಸಡಿಲವಾಯಿತು. "ಗಟ್ಟಿ ಹಿಡ್ಕಣಿ" ಎಂದರು.

"ಎಂತ ಬರ್ದಿರ್ ಅಂದೂ ನಂಗ್ ಗೊತ್ತಿತ್ತ್. ಬಾ ಅಂದೇ ಬರ್ದದ್ದ್. ಇಲ್ದಿರೆ ಅಡ್ಗ್ಸೂದ್ ಎಂತಕ್ಕೆ? ನಾ ಕೇಂತಿಲ್ಲೆ. ಕೇಂಡ್ರೆ ಅದ್ ಹೇಳ್ಕ್. ಹೇಳ್ರೆ ನಾ ಕಳ್ಸ್ಕ್. ಹಾಂಗಾಯಿ ಸುಮ್ನಿದ್ದೆ. ಇನ್ನೊಂದ್ ಮಳಿಗಾಲ ಇಲ್ಲೇ ಇರ್ಲಿ."

ಕೇಳಿದರೆ ಮಗಳು ಹೇಳಬೇಕು, ಹೇಳಿದರೆ ತಾನು ಕಳಿಸಬೇಕು ಎಂಬುದು ಅವರ ಲೆಕ್ಕ. ಇಷ್ಟು ಹೇಳಿ ನಾರಿನ ಇನ್ನೊಂದು ಹಿಡಿ ಎತ್ತಿಕೊಂಡರು. ಆ ಮಾತನ್ನು ಮತ್ತೆ ಎಂದೂ ಎತ್ತಲಿಲ್ಲ.

ಆ ಮೇಲಿನ ಒಂದು ವಾರ ನಾನು ಪಟ್ಟ ಪಾಡು ಹೇಳತೀರದು. ಒಂದೇ ಸೂರಿನಡಿ ತಾಯಿ ಮಗಳು ಒಬ್ಬರಿಗೊಬ್ಬರು ಬಡಿಸಿಕೊಂಡು, ತಲೆ ಬಾಚಿಕೊಂಡು, ನಗುನಗುತ್ತ ಇದ್ದರು. ಇಬ್ಬರ ಆಸೆಯೂ ಒಂದೇ. ಇಬ್ಬರೂ ಹೆದರಿಕೊಂಡು ಬಚ್ಚಿಡುತ್ತಿದ್ದಾರೆ. ಒಂದು ಮಾತು ಆಡಿದರೆ ಈ ಹೆದರಿಕೆಯೇ ಹೋಗುತ್ತದಲ್ಲ, ಕೂತು ಅವನಿಗೆ ಒಂದು ಉತ್ತರ ಬರೆದರೆ ಮುಗಿಯಿತಲ್ಲ ಎಂದು ನನ್ನ ತಲೆ ಹೇಳುತ್ತಿತ್ತು. ಆ ಕಾಗದದ ಒಕ್ಕಣೆ ಕೂಡ ಮನಸ್ಸಿನಲ್ಲಿ ಸಿದ್ಧವಾಗಿತ್ತು. ಐದು ಸುತ್ತು ಏಳಾಯಿತು. ಹುಡುಗಿಗಾದರೂ ಬರೆದು ತೋರಿಸೋಣವೆಂದು ಎರಡು ಸಲ, 'ಅಮ್ಮನಿಗೆ ಗೊತ್ತಿದೆ' ಎಂದು ಬರೆದೆ. ಎರಡು ಸಲವೂ ಅವಳು ತಿರುಗಿ ನೋಡುವ ಮೊದಲೇ ಒರೆಸಿದೆ. ದೊಡ್ಡಮ್ಮ ನನ್ನನ್ನು ನಂಬಿ ಹೇಳಿದ್ದು ಎಂಬುದು ಅಡ್ಡ ಬರುತ್ತಿತ್ತು. ಇಬ್ಬರಿಗೂ ಒಟ್ಟಿಗೆ ಹೇಳಿದರೆ ಯಾರ ನಂಬಿಕೆಯೂ ಮುರಿದ ಹಾಗಾಗುವುದಿಲ್ಲ ಎಂದು ಆಮೇಲೆ ನನಗೆ ನಾನೇ ಸಮಾಧಾನ ಮಾಡಿಕೊಂಡೆ.

ಇಪ್ಪತ್ನಾಲ್ಕನೆಯ ದಿನ ಮಧ್ಯಾಹ್ನ. ನಾವು ಮೂವರೂ ಒಳಜಗಲಿಯಲ್ಲಿ ಊಟಕ್ಕೆ ಕೂತಿದ್ದೆವು. ಹಲಸಿನ ಬೀಜದ ಪಲ್ಯ. ದೊಡ್ಡಮ್ಮ ಎಂದಿನ ಹಾಗೆ, "ಈ ಸರ್ತಿ ಗದ್ದಿ ಕೆಲ್ಸಕ್ಕೆ ನೀನೇ ಜನ ಕರೀಕ್ ಮಗಾ" ಎಂದರು. ಮಗಳು, "ಹೌದಬ್ಬಿ" ಎಂದಳು. ಹೇಳುವಾಗ ಅವಳು ನನ್ನ ಕಡೆ ಒಂದು ಸಲ ನೋಡಿದಳು. ದೊಡ್ಡಮ್ಮನೂ ನನ್ನ ಕಡೆ ನೋಡಿದರು. ನನ್ನಿಂದ ತಡೆಯಲಾಗಲಿಲ್ಲ.

"ದೊಡ್ಡಮ್ಮ, ಕಾಗ್ದ ಬಂದದ್ದ್ ನಿಮ್ಗೂ ಗೊತ್ತಿತ್ತ್" ಎಂದೆ. ಒರಟು ದನಿ, ಮರಕ್ಕೆ ಮರ ಉಜ್ಜಿದ ಹಾಗೆ. "ಮಗ್ಳಿಗೂ ಹೋಪುಕೆ ಮನ್ಸಿಲ್ಲೆ, ನಿಮ್ಗೂ ಕಳ್ಸುಕೆ ಮನ್ಸಿಲ್ಲೆ. ಮತ್ತೆ ಎಂತಕ್ಕೆ ಹೆದ್ರೂದ್? ಈ ವರ್ಷ ಆತ್ತಿಲ್ಲೆ ಅಂದ್ ಬರೂವ. ನಾ ಬರ್ದ್ ಕೊಡ್ತೆ."

ಹುಡುಗಿಯ ಕೈ ಅನ್ನದ ಮೇಲೆ ನಿಂತಿತ್ತು. ಅಷ್ಟರಲ್ಲಿ ಹೊರಜಗಲಿಯಿಂದ ಒಂದು ದನಿ ಬಂತು. ಸಾಗಿಸುವ ಹಗ್ಗದ ಕಟ್ಟುಗಳನ್ನು ಒಯ್ಯಲು ದೋಣಿಯವರು ಬಂದು, ಊಟ ಮುಗಿಯಲಿ ಎಂದು ಅಲ್ಲಿ ಕೂತಿದ್ದರು. ನನಗೆ ಅದು ಗೊತ್ತಿರಲಿಲ್ಲ.

"ಓಹೋ, ಟೀಚ್ರಿಗ್ ಮಾತ್ ಬಂತ್! ಹರ್ಕಿ ತೀರ್ತ್ ಕಾಣಿ!" ಎಂದು ಸಂತೋಷದಿಂದ ಕೂಗಿದವರು, ಬಾಗಿಲಿಗೆ ಬಂದು, "ಹಾಂಗಾರೆ ಅಳಿಯ ಕರ್ಸ್ಕಂತ್ರಾ? ಕಳ್ಸೂದ್ ಯಾವತ್ತ್ ದೊಡ್ಡಮ್ಮ?" ಎಂದು ಕೇಳಿದರು. ಅವರ ಮುಖದಲ್ಲಿ ಕುಹಕವಿರಲಿಲ್ಲ. ಒಳ್ಳೆಯ ಸುದ್ದಿ ಕೇಳಿದ ಹಾಗೆ ಕೇಳಿದರು.

ದೊಡ್ಡಮ್ಮ ಕೈ ತೊಳೆದು ಎದ್ದು ನಿಂತರು. ಮಗಳ ಕಡೆ ನೋಡದೆ ಹೇಳಿದರು.

"ಮಳಿ ಹಿಡುಕ್ ಮೊದ್ಲೇ ಕಳ್ಸೂದ್. ಬೊಂಬಾಯಿಗ್ ಹೋಪು ಜತಿ ಯಾರಾರೂ ಇದ್ರೆ ಹೇಳಿ."

ಸಂಜೆಯೊಳಗೆ ಆರೂ ಮನೆಗೆ ಸುದ್ದಿ ಮುಟ್ಟಿತು. ಮಾರನೆಯ ಬೆಳಿಗ್ಗೆ ಆಚೆ ದಂಡೆಯಿಂದ ಗಂಡನ ಕಡೆಯವರೊಬ್ಬರು ಬಂದು ಚಾ ಕುಡಿದು, ಇಷ್ಟು ದಿನ ಯಾಕೆ ತಡಮಾಡಿದ್ದು ಎಂದು ಕೇಳಿ ಹೋದರು. ನಾನು ಅಂದುಕೊಂಡಿದ್ದ ಉತ್ತರದ ಕಾಗದಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಮನೆಯೊಳಗೆ ಯಾರೂ ಆಡದಿದ್ದ ಕಾರಣಕ್ಕೆ ಆ ಹುಡುಗಿ ಅಲ್ಲಿ ಉಳಿದಿದ್ದಳು. ನಾನು ಆಡಿಬಿಟ್ಟೆ. ಇನ್ನು ಅವಳನ್ನು ಇಟ್ಟುಕೊಳ್ಳಲು ದೊಡ್ಡಮ್ಮನಿಗೆ ಯಾವ ನೆಪವೂ ಇರಲಿಲ್ಲ.

ಅವತ್ತೇ ಚೀಲ ಕಟ್ಟಿದೆ. ದೊಡ್ಡಮ್ಮ ಬಿಡಲಿಲ್ಲ.

"ತಿಂಗ್ಳ್ ಇರ್ತೆ ಅಂದ್ ಬಂದದ್ದ್. ತಿಂಗ್ಳ್ ಇರಿ. ತಮ್ಮನಿಗ್ ನಾ ಎಂತ ಹೇಳ್ಕ್?"

ಕ್ಷಮಿಸಿ ಎನ್ನಲು ಬಾಯಿ ತೆರೆದೆ. "ಮಾತಾಡ್ಬೇಡಿ, ಗಂಟ್ಲ್ ಹಾಳಾತ್ತ್" ಎಂದು ತಡೆದರು. ಸಿಟ್ಟಿನಿಂದ ಹೇಳಿದ್ದೋ ಅಕ್ಕರೆಯಿಂದ ಹೇಳಿದ್ದೋ ನನಗೆ ಇವತ್ತಿಗೂ ತಿಳಿದಿಲ್ಲ.

ಉಳಿದ ದಿನಗಳಲ್ಲಿ ನಾನು ಸುತ್ತು ಹಾಕಲು ಹೊರಗೆ ಹೋಗಲೂ ಅಂಜಿದೆ. ದಾರಿಯಲ್ಲಿ ಸಿಕ್ಕಿದವರು, "ಈಗ ಮಾತಾಡ್ಲಕ್ಕಲೆ?" ಎಂದು ಕೇಳುತ್ತಿದ್ದರು. ಹತ್ತಿರ ಬಂದು ಕೂರುವುದನ್ನು ಮಾತ್ರ ಬಿಟ್ಟರು. ಜಗಲಿಯಿಂದ ಬಾವಿಗೆ, ಬಾವಿಯಿಂದ ಜಗಲಿಗೆ ಓಡಾಡುತ್ತಿದ್ದೆ. ಹುಡುಗಿ ಹೊತ್ತು ಹೊತ್ತಿಗೆ ನನಗೆ ಬಡಿಸುತ್ತಿದ್ದಳು, ಸ್ನಾನಕ್ಕೆ ಬಿಸಿನೀರು ಇಡುತ್ತಿದ್ದಳು. ಒಂದು ಮಾತೂ ಆಡಲಿಲ್ಲ. ಅವಳು ಬೈದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಒಂದು ಮಧ್ಯಾಹ್ನ ಅವಳು ಜಗಲಿಯ ಕಂಬಕ್ಕೆ ಒರಗಿ ಗಂಡನ ಪಟ ಕೈಯಲ್ಲಿ ಹಿಡಿದು, ಪಾಠ ಬಾಯಿಪಾಠ ಮಾಡುವ ಮಕ್ಕಳ ಹಾಗೆ, ನೋಡುವುದು ಕಣ್ಣು ಮುಚ್ಚುವುದು ಮಾಡುತ್ತಿದ್ದಳು. ನಾನು ಅಲ್ಲಿಂದ ಎದ್ದು ಹೋದೆ.

ಬೊಂಬಾಯಿಗೆ ಹೊರಟಿದ್ದ ಗಂಡ ಹೆಂಡತಿಯರ ಜತೆ ಸಿಕ್ಕಿತು. ನನ್ನ ತಿಂಗಳು ತುಂಬಿದ ಮಾರನೆಯ ಬೆಳಿಗ್ಗೆಯೇ ಅವರೂ ಹೊರಡುವುದೆಂದಾಯಿತು. ಹಾಗಾಗಿ ಒಂದೇ ದೋಣಿಯಲ್ಲಿ ದೊಡ್ಡಮ್ಮ, ಮಗಳು, ನಾನು ಮೂವರೂ ಕೂತೆವು. ನಡುವೆ ಹೊಸ ಟ್ರಂಕು, ಹಪ್ಪಳದ ಡಬ್ಬಿ, ಉಪ್ಪಿನಕಾಯಿ ಭರಣಿ. ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿಯ ಬಸ್ಸು ಬಂತು, ಅಲ್ಲಿಂದ ಅವರಿಗೆ ರೈಲು. ಹುಡುಗಿ ತಾಯಿಯ ಕಾಲು ಮುಟ್ಟಿದಳು. ನನ್ನ ಕಾಲಿಗೂ ಬಗ್ಗಿದಳು, ನಾನು ಹಿಂದೆ ಸರಿದೆ. ಬಸ್ಸು ಹೊರಟ ಮೇಲೆ ದೊಡ್ಡಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ನಿಮ್ಗ್ ಗಂಟ್ಲ್ ಸಮಾ ಆಯ್ತಲೆ ಟೀಚ್ರೇ. ಅಷ್ಟ್ ಸಾಕ್" ಎಂದರು. "ನಿಮ್ ಬಸ್ಸ್ ಬಪ್ಪುಕೆ ತಡ ಇತ್ತ್. ಬನ್ನಿ, ಒಂದ್ ಚಾ ಕುಡೂವ."

ನನ್ನ ಎದುರು ಕೂತು ಅವರು ಚಾ ಕುಡಿದರು. ಈ ಸಲದ ಮಾವಿನಕಾಯಿಯ ಬಗ್ಗೆ ಮಾತಾಡಿದರು. ನಾನು ಉತ್ತರ ಕೊಟ್ಟೆ. ಆಡಬಹುದಾದ ದಿನ ಬಂದಾಗ ನನಗೆ ಆಡಲು ಸಿಕ್ಕಿದ್ದು ಅಷ್ಟೇ.

ಜೂನಿನಲ್ಲಿ ಶಾಲೆ ತೆರೆಯಿತು. ದನಿ ಬಂದಿತ್ತು, ಸ್ವಲ್ಪ ಒರಟಾಗಿ ಉಳಿಯಿತು. ಕೂಗುವುದನ್ನು ಕಡಿಮೆ ಮಾಡಿದೆ. ಎರಡು ವರ್ಷಕ್ಕೆ ನನಗೆ ಬೈಂದೂರಿನ ಕಡೆಗೆ ವರ್ಗವಾಯಿತು. ದೊಡ್ಡಮ್ಮನ ಸುದ್ದಿ ಹೆಡ್‌ಮಾಸ್ಟ್ರಿಂದ ಆಗೀಗ ಕೇಳಿಬರುತ್ತಿತ್ತು. ಹಗ್ಗದ ಕೆಲಸಕ್ಕೆ ಪಕ್ಕದ ಮನೆಯ ಹೆಂಗಸರನ್ನೂ ಸೇರಿಸಿಕೊಂಡಿದ್ದಾರೆ, ಒಂದು ಸಲ ಬೊಂಬಾಯಿಗೂ ಹೋಗಿ ಬಂದರು, ಅಲ್ಲಿಯ ನಲ್ಲಿ ನೀರು ರುಚಿಯಿಲ್ಲ ಎಂದರು, ಇಂಥವು. ಕುದ್ರಿಗೆ ಹೋಗುವ ಧೈರ್ಯ ನನಗೆ ಬರಲಿಲ್ಲ. ತ್ರಾಸಿ ದಾಟಿ ಬಸ್ಸು ಕುಂದಾಪುರಕ್ಕೆ ಹೋಗುವಾಗ ಕುದ್ರು ಕಾಣದ ಬದಿಗೆ ಕೂರುತ್ತಿದ್ದೆ.

ಎಪ್ಪತ್ತೊಂದರ ಹೊತ್ತಿಗೆ ಇರಬೇಕು, ಕುಂದಾಪುರದಲ್ಲಿ ಬಟ್ಟೆ ಅಂಗಡಿಯ ಮುಂದೆ ಒಬ್ಬಳು, "ಟೀಚ್ರೇ" ಎಂದು ಕರೆದಳು. ಮೈ ತುಂಬಿಕೊಂಡಿದ್ದಳು. ಸೊಂಟದಲ್ಲೊಂದು ಹೆಣ್ಣು ಮಗು, ಕೈ ಹಿಡಿದು ಇನ್ನೊಂದು. ದೊಡ್ಡ ಮಗಳಿಗೆ, "ಚಲ್, ನಮಸ್ಕಾರ ಮಾಡ್" ಎಂದಳು. ಗಂಡ ಈಗ ಸ್ವಂತ ಚಾ ಅಂಗಡಿ ಇಟ್ಟಿದ್ದಾನೆ, ತಾನೇ ಬೆಳಿಗ್ಗೆ ದೋಸೆಗೆ ಅರೆದು ಕೊಡುತ್ತೇನೆ, ಖೋಲಿ ಸಣ್ಣದು, ಅಬ್ಬಿಯನ್ನು ನೋಡಲು ಎರಡು ವರ್ಷಕ್ಕೊಮ್ಮೆ ಬರುತ್ತೇನೆ, ಹೀಗೆ ಒಂದೇ ಉಸಿರಿನಲ್ಲಿ ಹೇಳಿದಳು. ಮೊದಲಿನ ಮಾತಿಲ್ಲದ ಹುಡುಗಿ ಎಲ್ಲಿಯೂ ಕಾಣಲಿಲ್ಲ.

ಐದಾರು ವರ್ಷದಿಂದ ಒಳಗಿಟ್ಟುಕೊಂಡಿದ್ದನ್ನು ನಾನು ಕೇಳಿಯೇ ಬಿಟ್ಟೆ. "ನನ್ ಮೇಲೆ ಬೇಜಾರಿತ್ತಾ?"

ಅವಳು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು.

"ಮೊದ್ಲಿಗ್ ಇದ್ದಿತ್ ಟೀಚ್ರೇ. ರೈಲಂಗೆ ಪೂರ್ತಿ ನಿಮ್ಗೇ ಬೈಕಂಡ್ ಹೋದ್ದೆ. ಆ ಮೇಲೆ ಮಕ್ಕಳು, ಅಂಗ್ಡಿ, ಪುರ್ಸೊತ್ತೇ ಇಲ್ಲೆ." ಆಮೇಲೆ ದನಿ ತಗ್ಗಿಸಿ, "ನೀವ್ ಹೇಳದಿದ್ರೆ ಅಬ್ಬಿ ಜತಿಗ್ ಆ ಮಳಿಗಾಲ ಒಂದ್ ಸಿಕ್ತಿತ್. ಅಷ್ಟೇ" ಎಂದಳು.

ದೊಡ್ಡ ಮಗಳು ಕೈ ಜಗ್ಗಿ, ರಿಬ್ಬನ್ ಬೇಕು ಎಂದು ರಗಳೆ ಶುರುಮಾಡಿದಳು. "ಅಬ್ಬಿ ನಿಮ್ನ್ ಕೇಂತಿರತ್, ಒಂದ್ ಸಲ ಬನ್ನಿ" ಎಂದು ಹೇಳಿ ಅವಳು ಅಂಗಡಿಯ ಮೆಟ್ಟಿಲು ಹತ್ತಿದಳು. ಬೈಂದೂರಿನ ಬಸ್ಸು ಬಂದು ನಿಂತಿತ್ತು. ನಾನು ಹತ್ತಲಿಲ್ಲ. ಅದು ಹೋದ ಮೇಲೆ ಇನ್ನೊಂದೂ ಬಂತು. ಹೊಳೆಯ ಕಡೆಗೆ ಹೋಗುವ ರಸ್ತೆಯಲ್ಲಿ ಅರ್ಧದವರೆಗೆ ನಡೆದು, ನಿಂತು, ವಾಪಸು ಬಂದೆ.